ಬದುಕಿದ್ದವರಿಗೆ ಬಂದ ಪ್ರಾಣಕರೆ

“ಹಾನ್ ಗ್ಯೊಂಗ್‌ಸುಕ್... ಮರಳಿ ಬಾ!”

ಮಂಜಿನೊಳಗಿಂದ ಬಂದ ಕೂಗಿಗೆ ಗಾಲ್‌ದೋ ದ್ವೀಪದ ಸಂತೆಬೀದಿ ನಿಂತಲ್ಲೇ ನಿಂತಿತು. ಉಪ್ಪು ಸಿಗಡಿ ಅಳೆಯುತ್ತಿದ್ದ ನಾಮ್ ಅತ್ತಿಗೆಯ ಸೌಟು ಡಬ್ಬಿಯ ಮೇಲೇ ಉಳಿಯಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಮುದುಕ ಸಾಬೂನಿನ ಮುಖದಲ್ಲೇ ಬಾಗಿಲಿಗೆ ಬಂದ.

“ಹಾನ್ ಗ್ಯೊಂಗ್‌ಸುಕ್... ಮರಳಿ ಬಾ!”

ಗಂಡಸಿನ ಧ್ವನಿ, ಮುದಿ ಧ್ವನಿ. ಕೊಲ್ಲಿಯ ಆಚೆ, ಉತ್ತರ ದೇಶದ ದಡದಲ್ಲಿ ಈ ಕಡೆಗೆ ಬಾಯಿ ಮಾಡಿ ನಿಲ್ಲಿಸಿದ ಧ್ವನಿವರ್ಧಕಗಳಿಂದ ನೀರಿನ ಮೇಲೆ ಹರಿದು ಬರುತ್ತಿತ್ತು. ಮೂರನೆಯ ಸಲ ಕೂಗಿದಾಗ ಕೊನೆಯಲ್ಲಿ ಒಂದು ಕೆಮ್ಮು ಕೇಳಿಸಿತು. ಆಮೇಲೆ ಎಂದಿನ ಗಲಾಟೆ ಶುರುವಾಯಿತು: ಕಬ್ಬಿಣ ಕೆರೆಯುವ ಸದ್ದು, ತೋಳದ ಊಳು, ಯಾವಳೋ ಒಬ್ಬಳ ನಗು. ವರ್ಷದಿಂದ ಆ ಗಲಾಟೆಗೆ ಹಿಡಿಶಾಪ ಹಾಕುತ್ತಿದ್ದ ಜನ ಇವತ್ತು ಅದು ಬಂತಲ್ಲ ಎಂದು ಉಸಿರು ಬಿಟ್ಟರು.

ಹಾಗೆ ಕೂಗುವುದು ಸತ್ತವರಿಗೆ. ಪ್ರಾಣ ಹೋದ ಕೂಡಲೇ ಮನೆಯವರೊಬ್ಬರು ಮಾಡು ಹತ್ತಿ, ಸತ್ತವರ ಕೋಟು ಬೀಸುತ್ತ, ಉತ್ತರಕ್ಕೆ ಮುಖ ಮಾಡಿ, ಹೆಸರು ಹಿಡಿದು ಮೂರು ಸಲ ಮರಳಿ ಬಾ ಎನ್ನುತ್ತಾರೆ. ಬದುಕಿದ್ದವರಿಗೆ ಯಾರೂ ಕೂಗುವುದಿಲ್ಲ. ಅದೂ ಉತ್ತರದ ಕಡೆಯಿಂದಲೇ ಕೂಗು ಬರುವುದೆಂದರೆ, ಹೋದ ಪ್ರಾಣಗಳೇ ತಿರುಗಿ ನಿಂತು ನಮ್ಮನ್ನು ಕರೆದಂತೆ. ಈಗಾಗಲೇ ಎರಡು ಸಲ ಇಂಥ ಕೂಗು ಬಂದು, ಗಿರಣಿಯ ಪಿ ತಾತ ಕೆಸರಿನಲ್ಲಿ ಹೆಣವಾಗಿ ಸಿಕ್ಕಿದ್ದ. ಮೊಕ್ ಅಜ್ಜಿ ಇನ್ನೂ ಸಿಕ್ಕಿರಲಿಲ್ಲ.

“ಯಾರ್ರೀ ಅದು ಗ್ಯೊಂಗ್‌ಸುಕ್?” ನಾಮ್ ಅತ್ತಿಗೆ ಮೊದಲು ಬಾಯಿ ಬಿಟ್ಟಳು. “ನಮ್ಮೂರಲ್ಲಿ ಆ ಹೆಸರಿನೋರು ಯಾರೂ ಇಲ್ವಲ್ಲ!”

“ಇಲ್ಲ, ಇಲ್ಲ. ದೆವ್ವಕ್ಕೂ ವಿಳಾಸ ತಪ್ಪಿದೆ ಈ ಸಲ,” ಎಂದ ಸಾಬೂನಿನ ಮುದುಕ.

ಬೀದಿಯಲ್ಲಿ ಒಂದು ನಗು ಎದ್ದಿತು. ಭಯ ಕಳೆದಾಗ ಬರುವ, ಸ್ವಲ್ಪ ಜಾಸ್ತಿಯೇ ಜೋರಾದ ನಗು. ಇನ್ಸ್‌ಪೆಕ್ಟರ್ ಓಕ್ ಜಿನ್‌ಹಿ ಒಬ್ಬಳೇ ನಗಲಿಲ್ಲ. ಕಡುಬಿನಂಗಡಿಯ ಬಾಗಿಲಲ್ಲಿ ನಿಂತಿದ್ದ ಅವಳು ತಿನ್ನುತ್ತಿದ್ದ ಕಡುಬನ್ನು ಕೆಳಗಿಟ್ಟಳು. ಆ ಹೆಸರನ್ನು ಅವಳು ಆಸ್ಪತ್ರೆಯ ಚೀಟಿಯಲ್ಲಿ, ಪಿಂಚಣಿಯ ಕಾರ್ಡಿನಲ್ಲಿ ಓದಿದ್ದಳು. ಊರಿಗೆಲ್ಲ ‘ಜಿನ್‌ಹಿಯ ಅಮ್ಮ’ ಆದವಳು, ಸರ್ಕಾರದ ಕಂಪ್ಯೂಟರಿನೊಳಗೆ ಮಾತ್ರ ಹಾನ್ ಗ್ಯೊಂಗ್‌ಸುಕ್.

ಅಂಗಡಿಯೊಳಗೆ ಅಮ್ಮ ಅಕ್ಕಿಹಿಟ್ಟು ಮೆತ್ತಿದ ಕೈಗಳನ್ನು ಎದೆಯೆತ್ತರಕ್ಕೆ ಹಿಡಿದುಕೊಂಡು ನಿಂತಿದ್ದಳು. ನಾಯಿಮರಿಯ ಆಕಾರಕ್ಕೆ ಅರ್ಧ ತಿದ್ದಿದ ಕಡುಬು ಮಣೆಯ ಮೇಲೆ ಕುಸಿದಿತ್ತು.

“ಕೇಳಿಸ್ತೇನೇ?” ಎಂದಳು ಅಮ್ಮ. ಅವಳ ಮುಖದಲ್ಲಿ ಭಯವೇ ಇರಲಿಲ್ಲ. ಜಿನ್‌ಹಿಗೆ ಭಯವಾದದ್ದು ಅದಕ್ಕೇ. “ನಮ್ಮಪ್ಪನ ಧ್ವನಿ ಕಣೇ, ಥೇಟು ಅದೇ. ಅಪ್ಪ ಹೋಗಿ ಯಾವ ಕಾಲ ಆಯ್ತು! ಹಾಗಾದ್ರೆ ಇದು ಅಣ್ಣ. ಅಣ್ಣ ಬದುಕಿದಾನೆ.”

“ಅಮ್ಮ, ಏಪ್ರನ್ ಬಿಚ್ಚು. ಠಾಣೆಗೆ ನಡಿ.”

“ಅಂಗಡಿ?”

“ಅಂಗಡಿ ಹಾಳಾಗ್ಲಿ.”

“ಬೆಳಗ್ಗೆ ಬೆಳಗ್ಗೆ ಒಳ್ಳೇ ಮಾತು ನಿನ್ನ ಬಾಯಲ್ಲಿ,” ಎಂದು ಅಮ್ಮ ಗೊಣಗುತ್ತಲೇ ಒಲೆ ಆರಿಸಿದಳು. ಇಬ್ಬರೂ ಹೊರಗೆ ಬಂದಾಗ ಬೀದಿಯ ನಗು ನಿಂತಿತ್ತು. ಮಗಳು ತಾಯಿಯ ರಟ್ಟೆ ಹಿಡಿದುಕೊಂಡದ್ದು ನೋಡಿಯೇ ಎಲ್ಲರಿಗೂ ಹೆಸರು ಯಾರದೆಂದು ತಿಳಿದಿತ್ತು. ನಾಮ್ ಅತ್ತಿಗೆ ಮುಖ ಆಚೆ ತಿರುಗಿಸಿದಳು. ನಿನ್ನೆಯವರೆಗೂ ಅವಳು ಅಮ್ಮನಿಗೆ ಸಿಗಡಿ ಚೌಕಾಸಿಯಲ್ಲಿ ಬೈದು ಬೈಸಿಕೊಂಡು ಸ್ನೇಹ ಮಾಡಿದವಳು.

*

ಠಾಣೆ ಎಂದರೆ ಒಂದು ಕೋಣೆ, ಒಂದು ಲಾಕಪ್ಪು, ಒಬ್ಬ ಹವಲ್ದಾರ. ನಿವೃತ್ತಿಯ ಅಂಚಿನಲ್ಲಿದ್ದ ಹವಲ್ದಾರ ಪ್ಯೊನ್‌ಗೆ ಊಟದ ಮೇಲೆ ಇದ್ದಷ್ಟು ಗಮನ ಬೇರೆ ಯಾವುದರ ಮೇಲೂ ಇರಲಿಲ್ಲ. ಆದರೆ ಮನುಷ್ಯ ಒಳ್ಳೆಯವನು. ಲಾಕಪ್ಪಿನ ಬೆಂಚಿನ ಮೇಲೆ ತನ್ನ ಹೊದಿಕೆಯನ್ನೇ ಹಾಸಿ ಅಮ್ಮನನ್ನು ಕೂರಿಸಿದ.

“ಬೀಗ ಹಾಕಬೇಕಾ ಮೇಡಂ? ದೊಡ್ಡೋರು...”

“ಹಾಕಿ.”

ಅಮ್ಮ ಕಂಬಿಯಾಚೆಯಿಂದ ನಕ್ಕಳು. “ಓದಿಸಿ ಬರೆಸಿ ಪೊಲೀಸ್ ಮಾಡಿದ್ದಕ್ಕೆ ಒಳ್ಳೇ ಬಹುಮಾನ. ಪ್ಯೊನ್, ನೀನೂ ನೋಡ್ಕೊಳ್ಳಪ್ಪ. ಮಗಳನ್ನ ಡಾಕ್ಟ್ರೇ ಮಾಡಬೇಕು.”

ಜಿನ್‌ಹಿ ಬೆಂಚಿನ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಕಂಬಿಯ ಸಂದಿನಿಂದ ಅಮ್ಮನ ಹಿಟ್ಟಿನ ಕೈ ಹಿಡಿದಳು. “ನಿಜ ಹೇಳು. ಪಿ ತಾತ, ಮೊಕ್ ಅಜ್ಜಿ, ಇಬ್ಬರೂ ಇಳಿತದ ಹೊತ್ತಿಗೆ ತಾವೇ ನಡೆದುಕೊಂಡು ಕೆಸರಿಗಿಳಿದ್ರು. ಯಾರೂ ಎಳಕೊಂಡು ಹೋಗ್ಲಿಲ್ಲ. ಕರೆದೋರ ಹತ್ತಿರ ಹೋಗ್ತೀವಿ ಅಂತ ಹೋದ್ರು. ಉಬ್ಬರ ಬಂದು ನುಂಗಿತು. ನೀನೂ ಹೋಗ್ತೀಯಾ?”

ಕಿಟಕಿಯ ಹೊರಗೆ ತೋಳ ಊಳಿಡುತ್ತಿತ್ತು.

“ಹೋಗ್ತಿದ್ದೆ,” ಎಂದಳು ಅಮ್ಮ. “ಧ್ವನಿ ಕೇಳಿದ ಕೂಡಲೇ ಕಾಲು ಎದ್ದಿತ್ತು. ಆದ್ರೆ ಒಂದು ವಿಷಯ ತಡೀತು. ಗ್ಯೊಂಗ್‌ಸುಕ್ ಅನ್ನೋ ಹೆಸರು ನನಗೆ ಈ ಕಡೆ ಬಂದ್ಮೇಲೆ ಬಂದಿದ್ದು. ಯುದ್ಧ ಮುಗಿದು ನಿರಾಶ್ರಿತರ ಹೆಸರು ಬರೆಸೋವಾಗ ಚಿಕ್ಕಪ್ಪ ತೋಚಿದ್ದು ಬರೆಸಿದ. ಅಜ್ಜಿ ಹತ್ರ ಆಚೆ ಉಳಿದ ಅಣ್ಣನಿಗೆ ಆ ಹೆಸರು ಹೇಗೆ ಗೊತ್ತಿರತ್ತೆ? ಅಣ್ಣ ನನ್ನ ಕರೀತಿದ್ದದ್ದೇ ಬೇರೆ.”

“ಅದೇ, ಅಮ್ಮ. ಅದು ಅವನಲ್ಲ.”

“ಅಲ್ಲ ಅಂತ ತಲೆ ಹೇಳ್ತಿದೆ.” ಅಮ್ಮ ಕೈ ಬಿಡಿಸಿಕೊಂಡಳು. “ಆದ್ರೆ ಕೇಳು ಜಿನ್‌ಹಿ, ಸುಳ್ಳು ಯಾಕೆ ಹೇಳಲಿ. ಆ ಧ್ವನಿ ನನ್ನ ಚಿಕ್ಕಂದಿನ ಹೆಸರು ಹಿಡಿದು ಒಂದೇ ಒಂದು ಸಲ ಕೂಗಿದ್ರೆ, ನೀನು ಸರಪಳಿ ಹಾಕಿದ್ರೂ ನಾನು ನಿಲ್ಲಲ್ಲ. ದೋಣಿ ಹತ್ತಿದಾಗ ಅಣ್ಣ ದಡದಲ್ಲಿ ಹಾಗೇ ಕೂಗ್ತಾ ನಿಂತಿದ್ದ. ನಾನು ತಿರುಗಿ ಕೂಗೋಕೆ ಹೋದ್ರೆ ಅಪ್ಪ ಬಾಯಿ ಮುಚ್ಚಿದ, ಸಿಪಾಯಿಗಳಿಗೆ ಕೇಳತ್ತೆ ಅಂತ. ಅವನಿಗೆ ನಾನು ಉತ್ತರಾನೇ ಕೊಡಲಿಲ್ಲ.”

ನಲವತ್ತು ದಾಟಿದ ಮಗಳಿಗೆ ತಾಯಿ ಈ ಮಾತನ್ನು ಮೊದಲ ಸಲ ಹೇಳುತ್ತಿದ್ದಳು. ಅದೂ ಲಾಕಪ್ಪಿನೊಳಗಿಂದ.

“ಮೇಡಂ, ಆಗ್ಲೇ ಬಂದುಬಿಟ್ಟಿದೆ ನೋಡಿ!” ಪ್ಯೊನ್ ಮೊಬೈಲು ಹಿಡಿದುಕೊಂಡು ಓಡಿಬಂದ.

ತೆರೆಯ ಮೇಲೆ ಗಾಲ್‌ದೋ ದ್ವೀಪದ ದಡ, ಮುಳ್ಳುತಂತಿ, ಆಚೆ ಉತ್ತರದ ಬೋಳುಗುಡ್ಡ. ಅದರ ಮೇಲೆ ಅದೇ ಧ್ವನಿ, ಅದೇ ಹೆಸರು, ಅದೇ ಕೆಮ್ಮು. ಕೆಳಗೆ ದೇಶಕ್ಕೆ ದೇಶವೇ ಉರಿದುಬಿದ್ದಿತ್ತು. ‘ಮುದುಕಿಯರನ್ನು ಕೂಗಿ ಕೊಲ್ಲುವ ರಾಕ್ಷಸರು.’ ‘ಇವರ ಜೊತೆ ಮಾತುಕತೆಯಂತೆ, ನಾಚಿಕೆಯಾಗಬೇಕು.’ ‘ನಾಡಿದ್ದಿನ ಸಭೆ ರದ್ದು ಮಾಡಿ.’

ನಾಡಿದ್ದು ಎರಡೂ ಸರ್ಕಾರದವರು ಕೂತು, ದಡದ ಧ್ವನಿವರ್ಧಕಗಳನ್ನು ಇಳಿಸಿಬಿಡುವ ಒಪ್ಪಂದಕ್ಕೆ ಸಹಿ ಹಾಕುವುದಿತ್ತು. ಅದಾದರೆ ಮುಂದೆ ದೋಣಿ, ಆಮೇಲೆ ಕಾಗದ, ಆಮೇಲೆ ಬಹುಶಃ ಮನುಷ್ಯರು. ಈ ಊರಿನ ಮುದುಕರು ಅಷ್ಟಕ್ಕಾಗಿ ಜೀವ ಹಿಡಿದುಕೊಂಡಿದ್ದರು.

“ಇನ್ನೊಂದು ಸಲ ಹಾಕಿ,” ಎಂದಳು ಜಿನ್‌ಹಿ. ನೋಡಿದಳು. ಮತ್ತೆ ನೋಡಿದಳು. ಆಮೇಲೆ ಕಿಟಕಿಯ ಹೊರಗೆ ನೋಡಿದಳು. “ಪ್ಯೊನ್ ಅವರೇ, ಇವತ್ತು ಇಲ್ಲಿಂದ ಆಚೆ ದಡ ಕಾಣ್ತಿದೆಯಾ?”

“ಎಲ್ಲಿ ಮೇಡಂ, ಎದುರಿನ ಲೈಟುಕಂಬವೇ ಕಾಣ್ತಿಲ್ಲ.”

“ಈ ವಿಡಿಯೊದಲ್ಲಿ ಬಿಸಿಲಿದೆ.”

ಈ ಬೆಳಗಿನ ಕೂಗನ್ನು ಯಾರೋ ಮೊದಲೇ, ಒಂದು ಬಿಸಿಲಿನ ದಿನ, ಸಿದ್ಧ ಮಾಡಿ ಇಟ್ಟುಕೊಂಡಿದ್ದರು. ಚಿತ್ರ ತೆಗೆದ ಜಾಗವೂ ಗೊತ್ತಾಗುವಂತಿತ್ತು. ಮುಳ್ಳುತಂತಿ ಅಷ್ಟು ಕೆಳಗೆ ಕಾಣಬೇಕಾದರೆ ಊರಿನಲ್ಲಿ ಇರುವುದು ಒಂದೇ ಎತ್ತರ: ಹುಟ್ಟೂರಿನ ಕಡೆಗೆ ಮುಖ ಮಾಡಿ ಹಿರಿಯರಿಗೆ ಎಡೆಯಿಡುವ ಕಟ್ಟೆಯ ಗುಡ್ಡ.

“ಬೀಗದ ಕೈ ನಿಮ್ಮ ಹತ್ರ ಇರಲಿ. ನಾನು ಬರೋವರೆಗೂ ಅಮ್ಮನ್ನ ಬಿಡಬೇಡಿ. ಏನು ಹೇಳಿದ್ರೂ.”

“ಅಯ್ಯೋ, ನನ್ನ ಮೇಲೆ ಬಿಡಿ ಮೇಡಂ.”

*

ಗುಡ್ಡದ ಮೇಲೆ, ಎಡೆಕಟ್ಟೆಗೆ ಬೆನ್ನುಕೊಟ್ಟು, ಒಂದೇ ದನಿ ಪ್ರತಿಷ್ಠಾನದ ಗಾಜಿನ ಕಟ್ಟಡ ನಿಂತಿತ್ತು. ಅಗಲಿದ ಕುಟುಂಬಗಳನ್ನು ಕಂಪ್ಯೂಟರಿನ ಮೂಲಕ ಕೂಡಿಸುತ್ತೇವೆ ಎಂದು ರಾಜಧಾನಿಯಿಂದ ಬಂದವರು ಕಟ್ಟಿಸಿದ್ದು. ಅದರ ಮಾಡಿನ ಮೇಲಿದ್ದ ಧ್ವನಿವರ್ಧಕಗಳು ಮೊದಲು ಉತ್ತರಕ್ಕೆ ಸಿನಿಮಾ ಹಾಡು, ಹವಾಮಾನ, ಟಿವಿ ನಾಯಕಿಯರ ಅಳು ಎಲ್ಲವನ್ನೂ ಕಳಿಸುತ್ತಿದ್ದವು. ಮಾತುಕತೆ ಗೊತ್ತಾದ ಮೇಲೆ ಸರ್ಕಾರ ಅವಕ್ಕೆ ಅರಗಿನ ಮುದ್ರೆ ಒತ್ತಿ ಬಾಯಿ ಕಟ್ಟಿತ್ತು.

ನಿರ್ದೇಶಕ ಮ್ಯೊಂಗ್ ತೆಗ್ಯು ತಾನೇ ಬಾಗಿಲು ತೆರೆದ. ಇಸ್ತ್ರಿ ಮುರಿಯದ ಅಂಗಿ, ಮೃದುವಾದ ಮಾತು. ಸಿಟ್ಟು ಬರಿಸುವಷ್ಟು ಮರ್ಯಾದೆ.

“ತಾಯಿಯವರ ವಿಷಯ ಕೇಳಿದೆ, ಇನ್ಸ್‌ಪೆಕ್ಟರ್. ತುಂಬ ನೋವಾಯಿತು. ಬಾರ್ಲಿ ಚಹಾ ತಗೊಳ್ತೀರಾ?”

“ನಿಮ್ಮ ಮಾಡು ನೋಡಬೇಕು ಮೊದಲು.”

ಅವನು ಏಣಿ ತೋರಿಸಿದ. ಜಿನ್‌ಹಿ ಹತ್ತಿ ನೋಡಿದಳು. ಮುದ್ರೆಗಳು ಒಂದೂ ಒಡೆದಿರಲಿಲ್ಲ. ಅರಗಿನ ಮೇಲೆ ಜೇಡ ಬಲೆ ಕಟ್ಟಿತ್ತು. ಈ ಮೈಕುಗಳು ಇವತ್ತು ಕೂಗಿರಲು ಸಾಧ್ಯವೇ ಇರಲಿಲ್ಲ. ಕೂಗು ಈ ಗುಡ್ಡದಿಂದಲೇ ಎದ್ದದ್ದು ಎಂದು ಅವಳು ಹತ್ತುವಾಗ ಕಟ್ಟಿಕೊಂಡು ಬಂದ ಲೆಕ್ಕಾಚಾರ ಏಣಿಯ ಮೇಲೇ ಅರ್ಧ ಉದುರಿತು.

ಕೆಳಗಿಳಿದು ಒಳಕೋಣೆಗೆ ಹೋದಾಗ ಉಳಿದರ್ಧವೂ ನಿಲ್ಲಲಿಲ್ಲ. ಗೋಡೆಯ ತುಂಬ ತೆರೆಗಳು. ಒಂದೊಂದರಲ್ಲೂ ಒಂದೊಂದು ಮುದಿ ಮುಖ, ಕೆಳಗೆ ಯಾರೆಂಬ ಚೀಟಿ. ಪಿ ತಾತನ ಆಚೆ ಉಳಿದ ಅಕ್ಕ, ಮೊಕ್ ಅಜ್ಜಿಯ ಗಂಡ. ಯಾರೂ ಮಾತಾಡುತ್ತಿರಲಿಲ್ಲ. ಎಲ್ಲರೂ ಕಣ್ಣು ಮಿಟುಕಿಸುತ್ತಿದ್ದರು, ಒಬ್ಬರಾದ ಮೇಲೆ ಒಬ್ಬರು, ಬಾಗಿಲಿಗೆ ಬಂದವಳನ್ನು ನೋಡುತ್ತ.

“ಇವರು ಯಾಕೆ ಹೀಗೆ...”

“ಕೇಳಿಸಿಕೊಳ್ತಿದಾರೆ,” ಎಂದ ಮ್ಯೊಂಗ್ ಹೆಮ್ಮೆಯಿಂದ. “ಬಂದವರು ಮಾತಾಡಿದ್ರೆ ತಕ್ಷಣ ಉತ್ತರ ಕೊಡಬೇಕಲ್ಲ. ಕಿವಿ ಯಾವಾಗಲೂ ತೆರೆದಿರತ್ತೆ.”

ಮೂಲೆಯ ತೆರೆಯಲ್ಲಿ ಜಿನ್‌ಹಿಯ ತಾತನೇ ಇದ್ದ. ಅಲ್ಲ, ತಾತನಲ್ಲ. ತಾತನ ಹುಬ್ಬು, ತಾತನ ಕಿವಿ, ಆದರೆ ತಾತ ಎಂದೂ ಮುಟ್ಟದ ಮುಪ್ಪು. ಹುಟ್ಟಿದಾಗಿನಿಂದ ಹೆಸರು ಮಾತ್ರ ಕೇಳಿದ್ದ ಸೋದರಮಾವ, ಕಣ್ಣು ಮಿಟುಕಿಸುತ್ತ ಅವಳನ್ನೇ ನೋಡುತ್ತಿದ್ದ. ಜಿನ್‌ಹಿ ತಾನು ಪೊಲೀಸು ಎಂಬುದನ್ನು ಒಂದು ಕ್ಷಣ ಮರೆತು ಹಿಂದಕ್ಕೆ ಹೆಜ್ಜೆ ಇಟ್ಟಳು.

“ಇದನ್ನ ಎಲ್ಲಿಂದ ಮಾಡಿದ್ರಿ?”

“ನಿಮ್ಮ ತಾಯಿ ಒಂದು ಕ್ಯಾಸೆಟ್ ಕೊಟ್ಟಿದ್ರು. ಹಿಂದೆ ಟಿವಿಯಲ್ಲಿ ಕಳೆದುಹೋದವರನ್ನ ಹುಡುಕ್ತಿದ್ದಾಗ ನಿಮ್ಮ ತಾತ ಮಗನಿಗೆ ಅಂತ ಮಾತಾಡಿದ್ದು. ಅಪ್ಪನ ಧ್ವನಿಯಿಂದ ಮಗನ ಧ್ವನಿ, ಅಪ್ಪನ ಫೋಟೊದಿಂದ ಮಗನ ಮುಖ.”

“ಕೆಮ್ಮು ಕೂಡ ತಾತನದೇ. ಕಾಪಿ ಹೊಡೆಯೋವಾಗ ಕೆಮ್ಮು ತೆಗೆಯೋದನ್ನ ಮರೆತಿರಿ.”

ಮ್ಯೊಂಗ್‌ನ ನಗು ತೆಳುವಾಯಿತು.

“ಬೆಳಿಗ್ಗೆ ಕೂಗಿದ್ದು ಇದೇ ಧ್ವನಿ. ನಿಮ್ಮ ಮೈಕಿನ ಬಾಯಿ ಕಟ್ಟಿದೆ, ಒಪ್ಪಿದೆ. ಹಾಗಾದ್ರೆ ಇಲ್ಲಿ ಹುಟ್ಟಿದ ಧ್ವನಿ ಆಚೆ ದಡಕ್ಕೆ ಹೇಗೆ ಹೋಯ್ತು?”

“ನಾನು...”

“ನಿರ್ದೇಶಕರೇ, ಪಿ ತಾತನ ಮೂಗಿನಿಂದ ಕೆಸರು ತೆಗೆದಿದ್ದು ನಾನು. ಬೇಗ ಹೇಳಿ.”

ಅವನು ಕುರ್ಚಿಯ ಮೇಲೆ ಕೂತ. ಇಸ್ತ್ರಿ ಅಂಗಿಯ ಕಂಕುಳಲ್ಲಿ ಬೆವರು ಕಾಣಿಸಿತು. “ಕೊಡುಗೆ. ಸಂಸ್ಕೃತಿ ವಿನಿಮಯ ಅಂತ. ಎರಡೂ ಕಡೆಯವರಿಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಬರಲಿ ಅಂತ ವಸಂತದಲ್ಲಿ ಇಲ್ಲಿದ್ದದ್ದನ್ನೆಲ್ಲ ಆಚೆಗೂ ಒಂದು ಪ್ರತಿ ಕೊಟ್ವಿ. ಮೇಲಿನವರ ಆದೇಶ.”

“ಎಲ್ಲ ಅಂದ್ರೆ?”

“ಧ್ವನಿ. ಮುಖ. ಮನೆ ಎಲ್ಲಿದೆ ಅನ್ನೋದು. ಸರ್ಕಾರಿ ದಾಖಲೆಯ ಹೆಸರು.”

“ಮುದುಕರನ್ನ ಕೇಳಿದ್ರಾ?”

“ಒಪ್ಪಿಗೆ ಇದೆ. ಅಣ್ಣನ ಜೊತೆ ಮಾತಾಡಿಸ್ತೀವಿ ಅಂದ್ರೆ ಯಾರು ಬೇಡ ಅಂತಾರೆ?”

ಜಿನ್‌ಹಿಗೆ ಅವನ ಕತ್ತಿನಪಟ್ಟಿ ಹಿಡಿಯಬೇಕೆನ್ನಿಸಿತು. ಅಮ್ಮ ಆ ಕ್ಯಾಸೆಟ್ಟನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಹಬ್ಬದ ಉಡುಪು ಉಟ್ಟುಕೊಂಡು ಬಂದು ಇವನ ಕೈಗೆ ಕೊಟ್ಟಿದ್ದಳು. ಜೊತೆಗೆ ಒಂದು ಬುಟ್ಟಿ ಕಡುಬು.

“ಮೊಬೈಲಿಗೆ ಬಂದ ವಿಡಿಯೊ ತೆಗೆದಿದ್ದು ಈ ಗುಡ್ಡದಿಂದ. ಬಿಸಿಲಿನ ದಿನ. ಆಚೆಯವರು ಇಲ್ಲಿಗೆ ಬಂದು ಕ್ಯಾಮೆರಾ ಹಿಡಿದಿದ್ರಾ?”

“ಗುಡ್ಡದ ಕ್ಯಾಮೆರಾ ಯಾವಾಗಲೂ ಓಡ್ತಿರತ್ತೆ. ರಾಜಧಾನಿಯಲ್ಲಿ ಅದನ್ನ ನೋಡೋರು ತುಂಬ ಜನ. ಮಾತುಕತೆ ಬೇಡ ಅನ್ನೋರೂ ಅದರಲ್ಲಿದಾರೆ. ಯಾರು ಅಂತ ಕೇಳಬೇಡಿ, ನನಗೆ ಗೊತ್ತಿಲ್ಲ.” ಅವನ ಧ್ವನಿ ಏರಿತು. “ನಾನು ಕೊಲೆಗಾರನಲ್ಲ! ನೋಡಿ, ನಾನು ಮಾಡಿದ್ದೇನು? ನಿಮ್ಮ ತಾಯಿಗೆ ಅಣ್ಣನನ್ನ ಕೊಟ್ಟೆ. ಕೂದಲಷ್ಟೂ ವ್ಯತ್ಯಾಸ ಇಲ್ಲದ ಅಣ್ಣ. ಧ್ವನಿ ಕೂಡಿಸೋಕೆ ಮೊದಲೇ, ಬರೀ ಮುಖ ನೋಡಿ, ಅವರು ಈ ತೆರೆ ಮುಟ್ಟಿ ಅತ್ತಿದಾರೆ.”

“ವ್ಯತ್ಯಾಸ ಇಲ್ವಾ?” ಸಿಟ್ಟು ಜಿನ್‌ಹಿಯ ತಲೆಗೇರಿತು. “ನಿಮ್ಮ ಅಣ್ಣನಿಗೆ ತಂಗಿಯ ಹೆಸರೇ ಗೊತ್ತಿಲ್ಲ. ಗ್ಯೊಂಗ್‌ಸುಕ್ ಅಂತೆ! ಗುಮಾಸ್ತನ ಹಾಗೆ ಕೂಗ್ತಾನೆ. ನಿಜವಾದ ಅಣ್ಣ ಅವಳನ್ನ ಕರೀತಿದ್ದದ್ದು ಬುನಿ ಅಂತ. ಬುನಿ! ಯಾವ ಕಂಪ್ಯೂಟರಲ್ಲೂ ಇಲ್ಲ ಅದು.”

ಹೇಳಿದ ಮೇಲೆ ಅವಳಿಗೇ ನಾಲಿಗೆ ಸುಟ್ಟಂತಾಯಿತು. ಹೆತ್ತವರ ಹೆಸರನ್ನು ಮಕ್ಕಳು ಬಾಯಿಬಿಟ್ಟು ಹೇಳುವುದಿಲ್ಲ. ಕಚೇರಿಯಲ್ಲಿ ಕೇಳಿದರೂ ಅಕ್ಷರ ಅಕ್ಷರ ಬಿಡಿಸಿ ಹೇಳುತ್ತಾರೆ. ತಾತ ಸಾಯುವಾಗ ಕನವರಿಸಿದ್ದನ್ನು ಕೇಳಿ ತಿಳಿದ ಆ ಹೆಸರನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಈಗ ಈ ಬೆವರು ಅಂಗಿಯವನ ಮುಂದೆ ಕಿರುಚಿದ್ದಳು.

ಮ್ಯೊಂಗ್ ಅವಳನ್ನು ನೋಡುತ್ತಿರಲಿಲ್ಲ. ಅವಳ ಹಿಂದಿನ ಗೋಡೆ ನೋಡುತ್ತಿದ್ದ.

ಮುಖಗಳು ಕಣ್ಣು ಮಿಟುಕಿಸುವುದನ್ನು ನಿಲ್ಲಿಸಿದ್ದವು. ಅಷ್ಟೂ ಜನ ಮುದುಕರು ಕಣ್ಣು ಬಿಟ್ಟುಕೊಂಡು ಅಲುಗಾಡದೆ ಇದ್ದರು. ಮೂಲೆಯ ತೆರೆಯಲ್ಲಿ ಸೋದರಮಾವನ ತುಟಿ ಮಾತ್ರ ಸದ್ದಿಲ್ಲದೆ ಆಡಿತು, ಹೊಸ ಮಾತು ಕಲಿಯುವ ಮಗುವಿನ ತುಟಿಯಂತೆ.

“ಈ ಕಿವಿಗಳು,” ಜಿನ್‌ಹಿ ಮೆಲ್ಲಗೆ ಕೇಳಿದಳು, “ಇಲ್ಲಿ ಕೇಳಿದ್ದು ಎಲ್ಲೆಲ್ಲಿಗೆ ಹೋಗತ್ತೆ?”

“ಗೊತ್ತಿಲ್ಲ,” ಎಂದ ಮ್ಯೊಂಗ್. ಅವನ ಮುಖ ನಿಜಕ್ಕೂ ಬಿಳಿಚಿಕೊಂಡಿತ್ತು. “ನನಗೆ ನಿಜವಾಗ್ಲೂ ಗೊತ್ತಿಲ್ಲ.”

ಹೊರಗೆ ತೋಳದ ಊಳು ಅರ್ಧಕ್ಕೇ ನಿಂತಿತು. ಕಬ್ಬಿಣದ ಸದ್ದು ನಿಂತಿತು. ನಗುತ್ತಿದ್ದವಳೂ ಸುಮ್ಮನಾದಳು. ಗಾಜಿನ ಗೋಡೆಗೆ ಒತ್ತಿ ನಿಂತ ಮಂಜಿನಾಚೆಯಿಂದ, ನೀರಿನ ಮೇಲಿಂದ, ಆ ಧ್ವನಿ ಬಂತು. ಈ ಸಲ ಮೆತ್ತಗೆ, ಅಳುವಿನ ಅಂಚಿನಲ್ಲಿ.

“ಬುನಿ... ಬುನಿಯೇ... ಮರಳಿ ಬಾ.”

*

ಜಿನ್‌ಹಿ ಹೊರಗೆ ಓಡುತ್ತಲೇ ಠಾಣೆಗೆ ಫೋನು ಮಾಡಿದಳು. ಗುಡ್ಡದ ಮೇಲೆ ಸಿಗ್ನಲ್ ಸಿಗದೆ ಮತ್ತೆ ಮತ್ತೆ ಒತ್ತಿ, ಕರೆ ತಾಗುವಷ್ಟರಲ್ಲಿ ಕಾಲು ಗಂಟೆ ಕಳೆದಿತ್ತು.

“ಹೇಳಿ ಮೇಡಂ.” ಪ್ಯೊನ್‌ನ ಬಾಯಲ್ಲಿ ಏನೋ ಇತ್ತು, ಅಗಿಯುತ್ತಿದ್ದ.

“ಅಮ್ಮ ಎಲ್ಲಿ?”

“ಅಜ್ಜಿಯವರಾ? ಆಗ್ಲೇ ಹೋದ್ರು. ನೀವೇನೂ ಹೆದರಬೇಡಿ. ಆ ಕೂಗು ಕೇಳಿ ನಕ್ಕುಬಿಟ್ರು ಮೇಡಂ! ‘ಇದು ಸುಳ್ಳು ಧ್ವನಿ ಕಣಪ್ಪ, ನನ್ನ ಮಗಳು ಹೇಳಿದ್ದೇ ಸರಿ. ಅಕ್ಕಿ ನೆನೆಹಾಕಬೇಕು, ಬಿಡು’ ಅಂದ್ರು. ನನಗೂ ಕಡುಬು ತಂದುಕೊಡ್ತೀನಿ ಅಂತ...”

ಜಿನ್‌ಹಿ ಕಿವಿಯಿಂದ ಫೋನು ಇಳಿಸಿದಳು. ಪ್ಯೊನ್ ಇನ್ನೂ ಮಾತಾಡುತ್ತಿದ್ದ.

ಗಾಳಿ ತಿರುಗಿ ಮಂಜು ಅಲ್ಲಲ್ಲಿ ಹರಿಯುತ್ತಿತ್ತು. ಗುಡ್ಡದ ಕೆಳಗೆ ಮುಳ್ಳುತಂತಿ ಕಂಡಿತು. ತಂತಿಯ ಕೆಳಗೆ ಚಿಪ್ಪು ಹೆಕ್ಕುವ ಹೆಂಗಸರಿಗೆ ಮಾತ್ರ ಗೊತ್ತಿದ್ದ ಹಳ್ಳದ ಮೋರಿ ಕಂಡಿತು. ಮೋರಿಯಾಚೆ ಇಳಿತದಲ್ಲಿ ಬೆತ್ತಲಾದ ಕೆಸರಿನ ಬಯಲು. ಅದರ ಮೇಲೆ ಒಂದು ಪುಟ್ಟ ಆಕೃತಿ, ಮೊಣಕಾಲವರೆಗೆ ಹೂತುಕೊಳ್ಳುತ್ತ, ಕಾಲು ಕೀಳುತ್ತ ಹೋಗುತ್ತಿತ್ತು. ಜೀವಮಾನವಿಡೀ ಕೆಸರಿನಲ್ಲಿ ಚಿಪ್ಪು ಹೆಕ್ಕಿದವಳ ನಡಿಗೆ. ದೂರದಲ್ಲಿ, ಬಯಲಿನ ಅಂಚಿನಲ್ಲಿ, ಉಬ್ಬರದ ಬಿಳಿ ಗೆರೆ ಆಗಲೇ ಮೂಡಿತ್ತು.

“ಅಮ್ಮಾ!”

ಅಷ್ಟು ಎತ್ತರದಿಂದ ಕೇಳುವಂತಿರಲಿಲ್ಲ. ಕೆಳಗಿನ ಕಾವಲು ಸೈನಿಕರು ಹೊರಟರೂ ತಂತಿಬೇಲಿಯ ಬಾಗಿಲಿನ ಬೀಗ ತೆಗೆದು ಕೆಸರು ದಾಟುವಷ್ಟರಲ್ಲಿ ನೀರು ಬಂದಿರುತ್ತದೆ. ಮೊಕ್ ಅಜ್ಜಿಯ ದಿನ ಹಾಗೇ ಆಗಿತ್ತು. ಜಿನ್‌ಹಿ ತಿರುಗಿ ಒಳಗೆ ನುಗ್ಗಿದಳು.

“ಧ್ವನಿ ಹಾಕಿ. ನನ್ನ ಮಾವನ ಧ್ವನಿ.”

“ಏನು?”

“ನಾನು ಮಾತಾಡಿದ್ದು ಅವನ ಧ್ವನಿಯಲ್ಲಿ ಹೊರಗೆ ಹೋಗಬೇಕು. ಮಾಡೋಕಾಗತ್ತೋ ಇಲ್ವೋ?”

“ಆಗತ್ತೆ. ಆದ್ರೆ ಇನ್ಸ್‌ಪೆಕ್ಟರ್, ಮುದ್ರೆ!” ಮ್ಯೊಂಗ್ ಅವಳ ತೋಳು ಹಿಡಿದ. “ನಮ್ಮ ಕಡೆಯಿಂದ ಒಂದೇ ಒಂದು ಮಾತು ಹೊರಟರೂ ಒಪ್ಪಂದ ಮುರಿದು ಬಿದ್ದಂತೆ. ನಾಡಿದ್ದಿನ ಸಭೆ ಮುಗೀತು. ಅವರಿಗೆ ಬೇಕಾಗಿರೋದೇ ಇದು. ಯಾರು ಮಾಡ್ತಿದಾರೋ ಅವರಿಗೆ!”

“ಗೊತ್ತು.”

“ಊರಿನ ಎಷ್ಟು ಜನ ಅದಕ್ಕಾಗಿ ಕಾಯ್ತಿದಾರೆ...”

“ಗೊತ್ತು ಅಂದ್ನಲ್ಲ!” ಅವಳು ಅವನನ್ನು ತಳ್ಳಿದಳು. ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಏಣಿ ಹತ್ತಿ, ಪಿಸ್ತೂಲಿನ ಹಿಡಿಯಿಂದ ಅರಗನ್ನು ಕುಟ್ಟಿ ಪುಡಿ ಮಾಡಿದಳು. ಎಲ್ಲ ಮುದ್ರೆಗಳನ್ನೂ. ಕೆಳಗೆ ಮ್ಯೊ‌ಂಗ್ ಗುಂಡಿ ಒತ್ತಿದ. ಅವಳು ಇಳಿದು ಬಂದಾಗ ಮೈಕನ್ನು ಕೈಗೆ ಕೊಡುತ್ತ ಅವನು ಮುಖ ಮೇಲೆತ್ತಲಿಲ್ಲ.

ಏನು ಹೇಳಬೇಕೆಂದು ಜಿನ್‌ಹಿ ಯೋಚಿಸಲೇ ಇಲ್ಲ.

“ಬುನಿ! ಬರಬೇಡ. ನಾನು ಕಣೇ, ಅಣ್ಣ. ನೀರು ಬರ್ತಿದೆ. ತಿರುಗು. ಮನೆಗೆ ಹೋಗು, ಬುನಿ.”

ಅವಳ ಬಾಯಿಂದ ಹೊರಟ ಮಾತು ಮಾಡಿನ ಮೇಲಿಂದ ಮುದುಕನ ಧ್ವನಿಯಾಗಿ, ತಾತನ ಕೆಮ್ಮಿನ ಸಮೇತ, ಬಯಲಿನ ಮೇಲೆ ಗುಡುಗಿತು.

ಗಾಜಿನಾಚೆ, ಕೆಳಗಿನ ಕೆಸರಿನಲ್ಲಿ, ಅಮ್ಮ ನಿಂತಳು.

ನಿಂತು, ಮೆಲ್ಲಗೆ ತಿರುಗಿದಳು. ಗುಡ್ಡದ ಕಡೆ ಮುಖ ಎತ್ತಿದಳು. ದೂರಕ್ಕೆ ಆ ಮುಖ ಅಕ್ಕಿಕಾಳಿನಷ್ಟು ಬಿಳುಪಾಗಿ ಕಂಡಿತು. ಈ ಕಡೆಗೆ ಒಂದು ಹೆಜ್ಜೆ ಇಟ್ಟಳು.

“ಹಾಗೇ, ಬಾ. ಹಾಗೇ ಬಾ, ಬುನಿ.”

ಆಚೆ ದಡದ ಧ್ವನಿವರ್ಧಕಗಳು ಒಮ್ಮೆ ಕರಕರ ಎಂದವು. ಆಮೇಲೆ ಅದೇ ಧ್ವನಿ ಮಾತಾಡಿತು. ಕೆಮ್ಮು ಇರಲಿಲ್ಲ. ಅಳುವೂ ಇರಲಿಲ್ಲ. ತುಂಬ ಶಾಂತವಾಗಿ, ಚಿಕ್ಕ ಹುಡುಗಿಗೆ ತಿಳಿಹೇಳುವವರ ಹಾಗೆ.

“ಬುನಿ, ಅದು ನಾನಲ್ಲ. ಆ ಧ್ವನಿ ನಂಬಬೇಡ. ಅದು ಯಾರೋ ಹೆಂಗಸು.”

ಅಮ್ಮ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತಳು, ಗುಡ್ಡಕ್ಕೂ ನೀರಿಗೂ ನಡುವೆ. ಮೊದಲ ಅಲೆ ಬಂದು ಅವಳ ಹಿಮ್ಮಡಿ ಮುಟ್ಟಿತು. ಜಿನ್‌ಹಿ ಮೈಕಿನ ಹತ್ತಿರ ಬಾಯಿ ಒಯ್ದಳು. ಅಣ್ಣನಾಗಿ ಇನ್ನೊಂದು ಸುಳ್ಳು ಹೇಳಲೋ, ಯಂತ್ರ ಆರಿಸಿ ಮಗಳಾಗಿ ಅಮ್ಮಾ ಎಂದು ಕೂಗಲೋ ತಿಳಿಯದೆ ಹಾಗೇ ಮೈಕು ಹಿಡಿದುಕೊಂಡಳು. ಅಷ್ಟರಲ್ಲಿ ಕೆಳಗೆ ಅಮ್ಮ ತೀರ್ಮಾನ ಮಾಡಿಬಿಟ್ಟಿದ್ದಳು. ಎತ್ತಿದ ಕಾಲನ್ನು ಅವಳು ನೀರಿನ ಕಡೆಗೆ ಇಟ್ಟಳು.